ಗುಳೆಯ ಹಾದಿಯಲ್ಲಿ 180 ಗುಳಿಗೆ

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಯಾದಗಿರಿ ಜಿಲ್ಲೆಯ ಶಹಾಪುರದ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ಬೆಂಗಳೂರು ಬಸ್ಸಿಗೆ ಕಾದು ಕುಳಿತವರ ಪಕ್ಕದಲ್ಲಿ ಜೋಳದ ಹಿಟ್ಟಿನ ಚೀಲ, ಹಾಸಿಗೆಯ ಗಂಟು, ಸ್ಟೀಲಿನ ಕೊಡ, ಕೊಡದೊಳಗೆ ತಾಟು ಲೋಟ. ತಾಯಿಯ ಕಂಕುಳಲ್ಲಿ ಕೂಸು.

"ಎಲ್ಲಿಗಿ ಹೊಂಟೀರವ್ವಾ?"

"ದುಡೀಲಾಕ ಹೊಂಟೀವ್ರಿ."

"ಮತ್ತ ಬರೋದು?"

"ಉಗಾದಿಗಿ ಬಂದ್ರ ಬಂದ್ವಿ. ಇಲ್ಲಾಂದ್ರ ಮಳಿ ಬಿದ್ದಮ್ಯಾಲ."

ಅಂದರೆ ಹೆಚ್ಚೂಕಡಿಮೆ ಆರು ತಿಂಗಳು. ದಿನದ ಲೆಕ್ಕದಲ್ಲಿ 180.

ಈ 180ನ್ನು ನೆನಪಿಡಿ. ಬಸುರಿಯರಿಗೆ ಸರ್ಕಾರ ಕೊಡುವ ಕಬ್ಬಿಣಾಂಶದ ಕೆಂಪು ಗುಳಿಗೆಗಳೂ 180, ದಿನಕ್ಕೊಂದರಂತೆ. ಹುಟ್ಟಿದ ಕೂಸಿಗೆ ನೀರನ್ನೂ ಕೊಡದೆ ಎದೆಹಾಲೊಂದನ್ನೇ ಉಣಿಸಬೇಕಾದದ್ದು ಆರು ತಿಂಗಳು. ಸಾಮಾನ್ಯ ಕ್ಷಯರೋಗಿ ಒಂದು ದಿನವೂ ತಪ್ಪಿಸದೆ ಔಷಧ ನುಂಗಬೇಕಾದದ್ದೂ ಆರು ತಿಂಗಳು. ಗುಳೆಯ ಅವಧಿ ಎಷ್ಟೋ, ಈ ಆರೈಕೆಗಳ ಅವಧಿಯೂ ಅಷ್ಟೇ. ನವೆಂಬರಿನಲ್ಲಿ ಶುರುವಾದ ಆರೈಕೆ ಇಡಿಯಾಗಿ ಗುಳೆಯ ಹೊಟ್ಟೆಗೇ ಬೀಳುತ್ತದೆ.

ಆ ಗುಳಿಗೆಯನ್ನೇ ಕೈಯಲ್ಲಿ ಹಿಡಿದು ಲೆಕ್ಕ ಹಾಕೋಣ. ಒಂದರಲ್ಲಿರುವ ಕಬ್ಬಿಣ 60 ಮಿಲಿಗ್ರಾಂ. 180 ಗುಳಿಗೆ ಸೇರಿದರೆ 10.8 ಗ್ರಾಂ. ಈಗ ಇವರು ದುಡಿಯಲು ಸೇರುವ ಬೆಂಗಳೂರಿನ ಯಾವುದಾದರೂ ಕಟ್ಟಡದ ಕೆಲಸದ ಜಾಗಕ್ಕೆ ಬನ್ನಿ. ಅಲ್ಲಿ ಲಾರಿಯಿಂದ ಇಳಿಸುವ 12 ಎಂಎಂ ಕಂಬಿಯ ತೂಕ ಮೀಟರಿಗೆ 888 ಗ್ರಾಂ, ಉದ್ದ 12 ಮೀಟರ್. ಒಂದು ಕಂಬಿಗೆ 10.66 ಕಿಲೋ. ಒಂದು ಕಡೆ ಗ್ರಾಂ, ಇನ್ನೊಂದು ಕಡೆ ಕಿಲೋ. ಅಂಕಿ ಮಾತ್ರ ಹೆಚ್ಚುಕಡಿಮೆ ಅದೇ. ನಮ್ಮ ಹೆಣ್ಣುಮಕ್ಕಳು ಹೆಗಲ ಮೇಲಿಟ್ಟು ಸಾಗಿಸುವ ಒಂದೇ ಒಂದು ಕಂಬಿಯಲ್ಲಿ ಸುಮಾರು ಸಾವಿರ ಬಸುರಿಯರ ಪಾಲಿನ ಕಬ್ಬಿಣವಿದೆ. ಈ ಗುಣಾಕಾರ ಮಾಡಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಹತ್ತಲಿಲ್ಲ. ಸಾವಿರ ಜನರ ಕಬ್ಬಿಣ ಹೊತ್ತವಳ ರಕ್ತದಲ್ಲಿ ಕಬ್ಬಿಣವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ. ದೇಶದ ಲೆಕ್ಕ ಶೇ 52.2.

ದೇಹದ ಒಳಗಿನ ಕೆಲಸವೂ ಕಡಿಮೆಯದಲ್ಲ. ನಮ್ಮ ಮೂಳೆಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ. ಒಂದು ಕಣದ ಆಯಸ್ಸು ಸುಮಾರು 120 ದಿನ. ದೀಪಾವಳಿಗೆ ಶಹಾಪುರ ಬಿಟ್ಟವಳ ಮೈಯಲ್ಲಿದ್ದ ಕೆಂಪು ಕಣಗಳು ಹೋಳಿ ಹುಣ್ಣಿಮೆ ಹೊತ್ತಿಗೆ ಬಹುತೇಕ ತೀರಿ, ಅಲ್ಲಿಂದಾಚೆ ಹರಿಯುವುದು ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ರಕ್ತ. ಹಳೆಯ ಕಣದ ಕಬ್ಬಿಣವನ್ನು ದೇಹ ಬಿಸಾಡುವುದಿಲ್ಲ, ತೊಳೆದಿಟ್ಟು ಮತ್ತೆ ಬಳಸುತ್ತದೆ. ಆದರೆ ಹೊಟ್ಟೆಯೊಳಗಿನ ಕೂಸು, ಮಾಸು, ತಾಯಿಯಲ್ಲಿ ಹೆಚ್ಚುವ ರಕ್ತ ಎಲ್ಲಕ್ಕೂ ಸೇರಿ ಹೊಸದಾಗಿ ಸುಮಾರು 1 ಗ್ರಾಂ ಕಬ್ಬಿಣ ಬೇಕು. ನುಂಗಿದ್ದರಲ್ಲಿ ಹತ್ತನೇ ಒಂದು ಪಾಲು ಮೈಗೆ ಹತ್ತಿದರೂ 10.8 ಗ್ರಾಂನಿಂದ ಆ 1 ಗ್ರಾಂ ಸಿಕ್ಕೀತು. ಎರಡು ತಿಂಗಳ ಗುಳಿಗೆ ತಪ್ಪಿದರೆ ಅದರಲ್ಲಿ ಮೂರನೇ ಒಂದು ಪಾಲು ಹೋಯಿತು. ಗುಳಿಗೆಯ ಬೆನ್ನಿಗೇ ಕೆಲಸದ ಜಾಗದ ಚಹಾ ಕುಡಿದರೆ ಇನ್ನಷ್ಟು ನಷ್ಟ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಅವಳ ತಲೆಯ ಮೇಲಿನದನ್ನೂ ತೂಗೋಣ. ಕಾಂಕ್ರೀಟಿನ ಒಂದು ಬಾಂಡ್ಲಿಗೆ 15 ಕಿಲೋ, ದಿನಕ್ಕೆ 300 ಬಾಂಡ್ಲಿ ಅಂತ ಹಿಡಿಯಿರಿ. 4,500 ಕಿಲೋ, ಒಂದು ದೊಡ್ಡ ಗಂಡಾನೆಯ ತೂಕ. ದಿನಕ್ಕೊಂದು ಆನೆ. 180 ದಿನಕ್ಕೆ 810 ಟನ್. ಒಂದು ಜೀವದ ಕುತ್ತಿಗೆ ಬೆನ್ನುಗಳ ಮೇಲೆ ಇಷ್ಟು ಭಾರ ಹಾದುಹೋದದ್ದನ್ನು ಬಸುರಿಯ ಆರೈಕೆ ಬರೆದಿಡುವ ಯಾವ ತಾಯಿ ಕಾರ್ಡಿನಲ್ಲೂ ಬರೆಯುವ ಜಾಗವಿಲ್ಲ.

ಇಂಥವರು ಎಷ್ಟು ಮಂದಿ? ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜಗತ್ತಿನಲ್ಲಿ ವಲಸಿಗರು ಸುಮಾರು 100 ಕೋಟಿ, ಎಂಟು ಜನರಲ್ಲಿ ಒಬ್ಬರು. ಭಾರತದೊಳಗೇ ಜಾಗ ಬದಲಿಸಿದವರು 2011ರ ಜನಗಣತಿಯಲ್ಲಿ 45 ಕೋಟಿ ದಾಟಿದ್ದರು. ಆ ಲೆಕ್ಕದಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋದವರೇ ಬಹಳ. ಗುಳೆ ಹೋಗುವ ನಮ್ಮ ಸೀಮೆಯಲ್ಲಿ ನೀರಿಲ್ಲವೆಂದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲೆರಡು ಹಂತಗಳಲ್ಲಿ ನೀರಾವರಿಗೆಂದು ಎಣಿಸಿದ್ದು 6.22 ಲಕ್ಷ ಹೆಕ್ಟೇರ್. ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರ ಸೀಮೆಯ ನಡುವೆಯೇ ಹರಿಯುತ್ತದೆ. ಕಾಲುವೆ ಹಾಯುವ ತಾಲ್ಲೂಕಿನಿಂದಲೇ ಬಸ್ಸುಗಳು ತುಂಬಿ ಹೋಗುತ್ತಿವೆ. ನೀರು ಹೊಲ ಇದ್ದವರಿಗೆ, ಅದೂ ಕಾಲುವೆಯ ತುದಿವರೆಗೆ ಬಂದರೆ.

2020ರ ಮೇ, ಜೂನ್ ಮರೆಯಬಾರದು. ಲಾಕ್‌ಡೌನ್ ಸಡಿಲವಾದಾಗ ಮಹಾರಾಷ್ಟ್ರದಿಂದ ಜನ ಊರಿಗೆ ಮರಳಿದರು, ಯಾದಗಿರಿಯ ಕೋವಿಡ್ ಲೆಕ್ಕ ದಿಢೀರನೆ ಏರಿತು. ಶಾಲೆ, ಹಾಸ್ಟೆಲ್‌ಗಳೇ ಕ್ವಾರಂಟೈನ್ ಕೇಂದ್ರಗಳಾದವು. ಬಂದವರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡರು, ಮೂಗು ಗಂಟಲಿನ ದ್ರವ ತೆಗೆದರು. ನಮಗೆ ರೋಗ ತಗಲೀತು ಎಂಬ ಭಯ ಬಂದಾಗ ಗುಳೆ ಹೋದವರ ಪಟ್ಟಿ ತಯಾರಾಯಿತು. ಅವರಿಗೆ ರೋಗ ಬಂದಾಗ ಆ ಪಟ್ಟಿ ಎಲ್ಲಿರುತ್ತದೆ? ಇದನ್ನು ಸಿಟ್ಟಿನಿಂದಲೇ ಕೇಳುತ್ತಿದ್ದೇನೆ.

ಹಣ ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡದ ವೆಚ್ಚದ ಮೇಲೆ ಶೇ 1 ಸೆಸ್ ವಸೂಲಾಗುತ್ತದೆ. 1 ಕೋಟಿಯ ಮನೆಗೆ 1 ಲಕ್ಷ. ಅದರ ಫಲ ಸಿಗಬೇಕಾದರೆ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ತೋರಿಸಿ ಲೇಬರ್ ಕಾರ್ಡ್ ಮಾಡಿಸಿಕೊಳ್ಳಬೇಕು. ತಾಯಿ ಕಾರ್ಡ್ ತೋರಿಸಿದರೆ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಗುಳಿಗೆ ಸಿಗಬೇಕು. ಆದರೆ ಆಸ್ಪತ್ರೆ ತೆರೆದಿರುವ ಹೊತ್ತು ಬಾಂಡ್ಲಿ ಹೊರುವ ಹೊತ್ತೂ ಹೌದು. ಆಸ್ಪತ್ರೆಗೆ ಹೋದ ದಿನ ಪಗಾರ ಇಲ್ಲ.

ಆದ್ದರಿಂದ ನನ್ನ ಕೇಳಿಕೆ ಇಷ್ಟೇ. ಊರು ಬಿಡುವ ಬಸುರಿಗೆ ತಿಂಗಳು ತಿಂಗಳು ಬಾ ಎನ್ನದೆ, ಪೂರ್ತಿ ಗುಳಿಗೆಗಳನ್ನು ಊರಿನಲ್ಲೇ, ಆಕೆ ಬಸ್ ಹತ್ತುವ ಮೊದಲೇ, ಆಶಾ ಅಕ್ಕನ ಕೈಯಿಂದ ಕೊಡಿಸಿ. ಚಹಾದ ಜೊತೆ ಬೇಡ, ಲಿಂಬೆಹಣ್ಣಿನ ನೀರಿನ ಜೊತೆ ನುಂಗು ಅಂತ ಅವಳ ಮಾತಿನಲ್ಲೇ ಹೇಳಿಸಿ. ಹತ್ತತ್ತು ಗುಳಿಗೆಯ ಪಟ್ಟಿಯಾದರೆ 18 ಪಟ್ಟಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತಾಯಿ ಕಾರ್ಡಿನ ಜೊತೆ, ಜೋಳದ ಹಿಟ್ಟಿನ ಚೀಲದ ಒಂದು ಮೂಲೆಯಲ್ಲಿ ಹಿಡಿಸುತ್ತವೆ.