ಆಂಜಿಯೋಗ್ರಾಂ ಮತ್ತು ರಕ್ತಸ್ರಾವದ ಭಯ

ತಪ್ಪು ಕಲ್ಪನೆ: ರಕ್ತನಾಳ ಕೊಯ್ದು ಟ್ಯೂಬ್ ತೂರಿಸುತ್ತಾರೆ, ರಕ್ತ ಬಳಬಳ ಸುರಿಯುತ್ತದೆ.

ವಾಸ್ತವ: ಕೊಯ್ಯುವ ಮಾತೇ ಇಲ್ಲ. 1953ರಲ್ಲಿ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ ಪ್ರಕಟಿಸಿದ ಉಪಾಯವೇ ಇಂದಿಗೂ ನಡೆಯುತ್ತಿದೆ. ತೊಡೆಸಂದಿ ಅಥವಾ ಮಣಿಕಟ್ಟಿನ ನಾಳಕ್ಕೆ ಸೂಜಿ ಚುಚ್ಚಿ, ಅದರೊಳಗಿಂದ ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆ ನಳಿಕೆ ಜಾರಿಸುತ್ತಾರೆ. ನಳಿಕೆ ತೂತನ್ನು ತುಂಬಿಕೊಳ್ಳುವುದರಿಂದ ಪಕ್ಕದಲ್ಲಿ ಸೋರುವುದು ಕಡಿಮೆ. ಮಾಮೂಲಿ ಬಳಸುವ ಈ ನಳಿಕೆಯ, ಅಂದರೆ ಶೀತ್‌ನ, ಒಳವ್ಯಾಸ ಸುಮಾರು 2 ಮಿ.ಮೀ. ಅದರ ಹೊರತುದಿಯಲ್ಲಿ ಸೀಳುಳ್ಳ ಮೆತ್ತನೆಯ ಕವಾಟವಿದೆ. ಒಳಗೆ ತೂರಿಸುವ ಸಪೂರ ಕೊಳವೆ (ಕ್ಯಾತಿಟರ್) ಹೊಕ್ಕಾಗ ಕವಾಟ ಅದರ ಸುತ್ತ ಅಪ್ಪಿಕೊಳ್ಳುತ್ತದೆ, ಹೊರತೆಗೆದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಭಯಪಡಲೇಬೇಕೆಂದರೆ ನಳಿಕೆ ತೆಗೆದ ನಂತರದ ಗಳಿಗೆಗಳಿಗೆ ಭಯಪಡಿ.

ತಪ್ಪು ಕಲ್ಪನೆ: ದಪ್ಪ ಬ್ಯಾಂಡೇಜ್ ಬಿಗಿದಷ್ಟೂ ಭದ್ರ.

ವಾಸ್ತವ: ದಪ್ಪ ಬ್ಯಾಂಡೇಜ್ ರಕ್ತವನ್ನು ಮರೆಮಾಚುತ್ತದೆ, ಅಷ್ಟೆ. ರಕ್ತ ನಿಲ್ಲಿಸುವುದು ಸರಿಯಾದ ಜಾಗದಲ್ಲಿ ಒತ್ತಿದ ಬೆರಳು. ಸೂಜಿ ಓರೆಯಾಗಿ ಇಳಿದಿರುವುದರಿಂದ ತೊಡೆಸಂದಿಯಲ್ಲಿ ನಾಳದ ತೂತು ಚರ್ಮದ ತೂತಿಗಿಂತ ತುಸು ಮೇಲಿರುತ್ತದೆ. ಅನುಭವಿ ಸಿಬ್ಬಂದಿ ಅಲ್ಲೇ, ಕೆಳಗಿರುವ ಮೂಳೆಗೆ ಆನಿಸಿ, ಹದಿನೈದಿಪ್ಪತ್ತು ನಿಮಿಷ ಒತ್ತುತ್ತಾರೆ. ‘ನಿಂತಿತಾ’ ಎಂದು ನಡುನಡುವೆ ಬೆರಳೆತ್ತಿ ನೋಡಿದರೆ ಮೊದಲಿಂದ ಶುರು! ಮಣಿಕಟ್ಟಿನಲ್ಲಿ ರಕ್ತಸ್ರಾವದ ಅಪಾಯ ಕಡಿಮೆ, ಅದಕ್ಕೇ ಈಗ ಅತ್ತ ಒಲವು. ಆದರೆ ಅಲ್ಲಿ ಅತಿಯಾಗಿ ಬಿಗಿದರೆ ನಾಳವೇ ಮುಚ್ಚಿಹೋಗಬಹುದು. ಹಾಗಾಗಿ ಗಾಳಿ ತುಂಬಿದ ಪಟ್ಟಿ ಕಟ್ಟಿ, ಸ್ವಲ್ಪಸ್ವಲ್ಪವೇ ಗಾಳಿ ಬಿಡುತ್ತಾರೆ.

ತಪ್ಪು ಕಲ್ಪನೆ: ರಕ್ತ ಕಾಣದಿದ್ದರೆ ಎಲ್ಲ ಸರಿಯಾಗಿದೆ.

ವಾಸ್ತವ: ತೊಡೆಸಂದಿಯಲ್ಲಿ ತೀರಾ ಮೇಲೆ ಚುಚ್ಚಿದ್ದರೆ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಸೇರಿಕೊಳ್ಳಬಹುದು. ಹೊರಗೆ ಒಂದು ಹನಿಯೂ ಕಾಣದು. ಬೆನ್ನು ಅಥವಾ ಪಕ್ಕೆನೋವು, ತಣ್ಣನೆ ಬೆವರು, ತಲೆಸುತ್ತು ಕಂಡರೆ ನರ್ಸನ್ನು ಕೂಗಿ, ಸಂಕೋಚ ಬೇಡ.

ತಪ್ಪು ಕಲ್ಪನೆ: ‘ರಕ್ತ ತೆಳುವಾಗಿಸುವ’ ಮಾತ್ರೆಗಳನ್ನು ನಾವೇ ನಿಲ್ಲಿಸಿ ಹೋಗುವುದು ಒಳ್ಳೆಯದು.

ವಾಸ್ತವ: ಖಂಡಿತ ಬೇಡ. ಮೊದಲೇ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬಿಟ್ಟರೆ ಸ್ಟೆಂಟ್‌ನಲ್ಲೇ ರಕ್ತ ಹೆಪ್ಪುಗಟ್ಟಬಹುದು. ವಾರ್ಫರಿನ್‌ನ ಲೆಕ್ಕವೇ ಬೇರೆ. ಮಾತ್ರೆಗಳ ಚೀಟಿ ಒಯ್ದು ತೋರಿಸಿ, ನಿರ್ಧಾರ ವೈದ್ಯರಿಗೆ ಬಿಡಿ.

ತಪ್ಪು ಕಲ್ಪನೆ: ಮನೆಗೆ ಕಳಿಸಿದ ಮೇಲೆ ಗಾಯ ವಾಸಿಯಾದಂತೆಯೇ.

ವಾಸ್ತವ: ಕೆಲವು ದಿನ ಭಾರದ ಬಿಂದಿಗೆ ಎತ್ತುವುದು, ಕುಕ್ಕರಗಾಲಲ್ಲಿ ಕೂರುವುದು ಬೇಡ. ರಕ್ತ ಚಿಮ್ಮಿದರೆ ಬಟ್ಟೆ ಸುತ್ತುತ್ತಾ ಹೊತ್ತು ಕಳೆಯಬೇಡಿ. ಮಲಗಿ, ಬೆರಳಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ, ಪಕ್ಕದವರಿಂದ 108ಕ್ಕೆ ಕರೆ ಮಾಡಿಸಿ.