ಹಿತ್ತಲಲ್ಲಿ ಕಪ್ಪೆ, ಹಕ್ಕಿಗಳಿಗೊಂದು ಪುಟ್ಟ ಹೊಂಡ: ಮಾಡೋದು ಹೇಗೆ?

ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳ ಒಂದು ಬೆಳಗ್ಗೆ ನಮ್ಮ ಕೃಷಿ ಹೊಂಡದಲ್ಲಿ ಒಂದು ಮುಂಗುಸಿ ಸತ್ತು ತೇಲ್ತಿತ್ತು. ನೀರು ಕುಡಿಯೋಕೆ ಬಂದದ್ದು ಪ್ಲಾಸ್ಟಿಕ್ ಹಾಳೆ ಮೇಲೆ ಜಾರಿ ಬಿದ್ದಿದೆ. ಮೇಲೆ ಹತ್ತಲು ರಾತ್ರಿಯೆಲ್ಲ ಒದ್ದಾಡಿರಬೇಕು, ಹಾಳೆಯ ಉದ್ದಕ್ಕೂ ಉಗುರಿನ ಗೀರುಗಳಿದ್ದವು. ಸಾವಯವ ತೋಟ, ವಿಷ ಹೊಡೆಯೋದಿಲ್ಲ ಅಂತ ಹೇಳಿಕೊಂಡು ಓಡಾಡುವ ನನ್ನ ತೋಟದಲ್ಲೇ, ನಾನೇ ಮಾಡಿಸಿದ ಹೊಂಡದಲ್ಲಿ ಹೀಗಾಯ್ತಲ್ಲ ಅಂತ ಮನಸ್ಸಿಗೆ ಚುಚ್ಚಿತು.

ಆ ವರ್ಷವೇ ಮನೆ ಹಿಂದೆ ಇನ್ನೊಂದು ಪುಟ್ಟ ಹೊಂಡ ತೋಡಿದೆ. ಇದು ಬೆಳೆಗಲ್ಲ, ಕಪ್ಪೆ, ಹಕ್ಕಿ, ಜೇನಿಗೆ. ಮಾಡಿದ ರೀತಿ, ಆದ ತಪ್ಪು ಎರಡನ್ನೂ ಈ ವಾರ ಹೇಳ್ತೀನಿ. ಮಳೆ ಹಿಡಿಯುವ ಮೊದಲು ತೋಡಿದರೆ ತುಂಬಿಸುವ ಕೆಲಸ ಮಳೆಯೇ ಮಾಡುತ್ತದೆ.

ಕೆರೆ ಕಲಿಸುವ ಪಾಠ

ಚನ್ನಗಿರಿ ಕಡೆಯವರಿಗೆ ಸೂಳೆಕೆರೆ, ಅಂದ್ರೆ ಶಾಂತಿಸಾಗರ, ಹೊಸದಾಗಿ ಪರಿಚಯ ಮಾಡಿಕೊಡಬೇಕಿಲ್ಲ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡದ ನಡುವೆ ಏರಿ ಕಟ್ಟಿ ಮಾಡಿದ ಕೆರೆ ಅದು. ಮುಂದಿನ ಸಲ ಹೋದಾಗ ಒಂದು ವಿಷಯ ಗಮನಿಸಿ. ಏರಿ ಕಡೆ ನೀರು ಆಳ, ದಂಡೆ ಕಡಿದು. ಎದುರಿನ ಅಂಗಳದ ಕಡೆ ನೆಲ ನಿಧಾನಕ್ಕೆ ನೀರೊಳಗೆ ಇಳಿಯುತ್ತದೆ. ಕೊಕ್ಕರೆ ನಿಲ್ಲೋದು, ಕಪ್ಪೆ ಮೊಟ್ಟೆ ಇಡೋದು, ದನ ನೀರು ಕುಡಿಯೋದು ಹೆಚ್ಚಾಗಿ ಆ ಅಂಗಳದಲ್ಲೇ.

ನಮ್ಮ ಕೃಷಿ ಹೊಂಡಗಳಿಗೆ ನಾಲ್ಕೂ ಕಡೆ ಏರಿಯೇ, ಅಂಗಳ ಇಲ್ಲ. ನೀರು ಹಿಡಿದಿಡೋಕೆ ಆ ಆಕಾರ ಬೇಕು, ತಪ್ಪಲ್ಲ. ಆದರೆ ಜೀವಿಗಳಿಗೆ ಬೇಕಾದದ್ದು ಅಂಗಳ. ಹಿತ್ತಲ ಹೊಂಡದ ಗುಟ್ಟು ಇಷ್ಟೇ.

ಜಾಗ ಎಲ್ಲಿ?

* ಮನೆ ಬಾಗಿಲಿನಿಂದ 25–30 ಅಡಿ ದೂರ ಇರಲಿ, ಆದರೆ ಅಡುಗೆಮನೆ ಕಿಟಕಿಯಿಂದ ಕಾಣುವಂತಿರಲಿ.
* ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಸಾಕು. ದೊಡ್ಡ ಮರದ ಬುಡ ಬೇಡ, ಎಲೆ ಬಿದ್ದು ನೀರು ಕೊಳೆಯುತ್ತದೆ.
* ತಗ್ಗು ಅಂತ ಹೊಲದ ನೀರು ಹರಿದು ಬರುವ ಜಾಗ ಆರಿಸಬೇಡಿ. ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಜಿನ್‌ನಂಥ ಕಳೆನಾಶಕ, ಹಾಕಿದ ಯೂರಿಯಾ ಎಲ್ಲ ಮೊದಲ ಮಳೆಗೇ ಹೊಂಡ ಸೇರುತ್ತವೆ. ಕೊಟ್ಟಿಗೆ ನೀರೂ ಬೇಡ.

ತೋಡುವ ಲೆಕ್ಕ

ನಮ್ಮದು 10 ಅಡಿ ಉದ್ದ, 7 ಅಡಿ ಅಗಲದ ಮೊಟ್ಟೆಯಾಕಾರ. ಒಂದು ತುದಿಯಿಂದ ಮೊದಲ 3 ಅಡಿಯಲ್ಲಿ ನೆಲ ಬರೀ ಅರ್ಧ ಅಡಿ ಇಳಿಯುತ್ತದೆ. ಇದು ಅಂಗಳ. ಮುಂದಿನ 3 ಅಡಿಯಲ್ಲಿ ಒಂದಡಿ ಆಳಕ್ಕೆ ಬರುತ್ತದೆ. ಆಮೇಲೆ ಎರಡಡಿ ಆಳದ ಒಂದು ಗುಂಡಿ. ಬೇಸಿಗೆಯಲ್ಲಿ ಮೇಲಿನ ನೀರು ಕಾದಾಗ ಜೀವಿಗಳು ಇಳಿಯೋದು ಈ ಗುಂಡಿಗೆ. ಎರಡಡಿಗಿಂತ ಆಳ ಬೇಕಿಲ್ಲ. ಒಟ್ಟು ನೀರು ಒಂದೂವರೆ ಸಾವಿರ ಲೀಟರ್ ಒಳಗೆ. ಇಬ್ಬರು ಸೇರಿ ಎರಡು ದಿನದಲ್ಲಿ ತೋಡಿ ಮುಗಿಸಿದ್ವಿ.

ನೀರು ನಿಲ್ಲಿಸೋದು

ಮೊದಲು ಒಂದಡಿ ಗುಂಡಿ ತೋಡಿ, ಎರಡು ಸಲ ನೀರು ತುಂಬಿಸಿ ಇಂಗಲು ಬಿಡಿ. ಮೂರನೇ ಸಲ ಸಂಜೆ ತುಂಬಿಸಿ ಬೆಳಗ್ಗೆ ನೋಡಿ. ಬಹುಪಾಲು ಉಳಿದಿದ್ದರೆ ನಿಮ್ಮದು ಜೇಡಿ ಅಂಶದ ಮಣ್ಣು. ಅದೇ ಮಣ್ಣನ್ನು ಹಸಿ ಮಾಡಿ ಅರ್ಧ ಅಡಿ ದಪ್ಪ ಹರಡಿ, ಗದ್ದೆ ತುಳಿದ ಹಾಗೆ ಚೆನ್ನಾಗಿ ತುಳಿಯಿರಿ. ಆದರೆ ಎರೆ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಬಿರಿಯುತ್ತದೆ, ಮತ್ತೆ ನೀರು ನಿಲ್ಲೋದು ಕಷ್ಟ. ಆದ್ದರಿಂದ ತಳ ಒಣಗಲು ಬಿಡಬಾರದು.

ಜಗಳೂರು ಕಡೆಯ ಮರಳು ಮಿಶ್ರಿತ ಕೆಂಪು ನೆಲದಲ್ಲಿ ಹಾಳೆ ಇಲ್ಲದೆ ಆಗಲ್ಲ. ದಪ್ಪ ಟಾರ್ಪಾಲ್ ಅಥವಾ ಕೃಷಿ ಹೊಂಡಕ್ಕೆ ಹಾಕಿ ಉಳಿದ ಹಾಳೆ ಸಾಕು. ಅಳತೆ ಹೀಗೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಎರಡಡಿ ಸೇರಿಸಿ. ಅಗಲಕ್ಕೂ ಹಾಗೇ. ನಮ್ಮ ಹೊಂಡಕ್ಕೆ 16 × 13 ಅಡಿ ಬೇಕಾಯ್ತು. ಕೆಳಗೆ ಹಳೇ ಗೋಣಿಚೀಲ ಹಾಸಿ, ಕಲ್ಲು ಚುಚ್ಚಲ್ಲ. ಮೇಲೆ ಅಂಗಳದ ತುಂಬ ಮಣ್ಣು, ಒರಟು ಕಲ್ಲು ಹರಡಿ. ಹಾಳೆ ಎಲ್ಲೂ ಬರಿದಾಗಿ ಕಾಣಬಾರದು. ಕಂಡರೆ ಅಲ್ಲೇ ಜಾರುಬಂಡೆ.

ತುಂಬಿಸೋಕೆ ಮಳೆನೀರೇ ಒಳ್ಳೆಯದು. ಸಾವಿರ ಚದರಡಿ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾದದ್ದು ಕಳೆದು 700 ಲೀಟರಿಗೂ ಹೆಚ್ಚು ಸಿಗುತ್ತದೆ. ಎರಡು ಒಳ್ಳೆ ಮಳೆಗೆ ಹೊಂಡ ತುಂಬಿತು ಅಂತ ಲೆಕ್ಕ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 8 ಮಿಲಿಮೀಟರ್ ಆವಿಯಾದರೂ ನಮ್ಮ ಅಳತೆಗೆ 40 ಲೀಟರ್, ಅಂದ್ರೆ ಮೂರು ಕೊಡ. ಸೊಪ್ಪು, ತರಕಾರಿ ತೊಳೆದ ನೀರು ಹಾಕಬಹುದು, ಸೋಪಿನ ನೀರು ಬೇಡ.

ಏನು ನೆಡಬೇಕು?

ಅಂಚಿಗೆ ಒಂದೆಲಗ, ಹೊನಗೊನ್ನೆ, ಬಜೆ. ಮೊದಲೆರಡು ಅಡುಗೆಗೂ ಆಗುತ್ತವೆ. ಗುಂಡಿಗೆ ಒಂದೇ ಒಂದು ನೈದಿಲೆ. ನೀರೊಳಗೇ ಬೆಳೆಯುವ ಹೈಡ್ರಿಲ್ಲಾ ಒಂದು ಹಿಡಿ. ಅಂತರಗಂಗೆ ಮಾತ್ರ ಬೇಡವೇ ಬೇಡ, ಒಂದೇ ಮಳೆಗಾಲದಲ್ಲಿ ಹೊಂಡವನ್ನೇ ನುಂಗುತ್ತದೆ. ಆಪು ಕೂಡ ಬೇಡ, ಅದರ ಬೇರು ಹಾಳೆಗೆ ತೂತು ಮಾಡಬಹುದು.

ಪ್ರಾಣಿಗಳನ್ನು ತಂದು ಬಿಡಬೇಡಿ, ಅವು ತಾವೇ ಬರುತ್ತವೆ. ಕೆರೆಯಿಂದ ಆಮೆ ಹಿಡಿದು ತರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಅನ್ನೋದೂ ನೆನಪಿರಲಿ.

"ಸೊಳ್ಳೆ ಸಾಕೋಕೆ ಗುಂಡಿ ತೋಡ್ತೀಯೇನೋ?"

ನಮ್ಮವ್ವ ಕೇಳಿದ ಮೊದಲ ಪ್ರಶ್ನೆ ಇದು. ಮನೇಲಿ ನಾಲ್ಕು ವರ್ಷದ ಮಗಳಿದ್ದಾಳೆ, ಡೆಂಗಿ ಭಯ ಸುಳ್ಳಲ್ಲ. ಹೆದರಿ ನಾನು ಗಪ್ಪಿ ಮೀನು ತಂದು ಬಿಟ್ಟೆ. ಲಾರ್ವಾ ಹೋದವು, ಜೊತೆಗೆ ಆಗತಾನೇ ಒಡೆದ ಗೊದಮೊಟ್ಟೆಗಳೂ ಹೋದವು. ಇದು ನನ್ನ ಮೊದಲ ತಪ್ಪು. ಗಪ್ಪಿ, ಗಂಬೂಸಿಯಾ ಮನೆಯ ಸಿಮೆಂಟ್ ತೊಟ್ಟಿಗೆ ಸರಿ, ಈ ಹೊಂಡಕ್ಕಲ್ಲ. ಬೇಸಿಗೆಯಲ್ಲಿ ನೀರು ತೋಡಿ ಎಲ್ಲ ಮೀನು ಹಿಡಿದು ತೊಟ್ಟಿಗೆ ಹಾಕಬೇಕಾಯ್ತು.

ಸೊಳ್ಳೆ ಮೊಟ್ಟೆಯಿಂದ ಹಾರೋಕೆ ನಮ್ಮ ಸೆಕೆಗೆ 7ರಿಂದ 10 ದಿನ ಸಾಕು. ಮಳೆಗಾಲದಲ್ಲಿ ಹಿಂಡಾಗಿ ಹಾರುವ ಏರೋಪ್ಲೇನ್ ಚಿಟ್ಟೆ, ನೀರು ತಿಗಣೆ, ನೀರಿನ ಜೀರುಂಡೆ ಬಂದು ನೆಲೆಸಿದ ಮೇಲೆ ಲಾರ್ವಾಕ್ಕೆ ಉಳಿಗಾಲ ಕಡಿಮೆ. ಏರೋಪ್ಲೇನ್ ಚಿಟ್ಟೆ ಮರಿ ಇರೋದು ನೀರಲ್ಲೇ, ಅದರ ಊಟದಲ್ಲಿ ಸೊಳ್ಳೆ ಲಾರ್ವಾ ಮುಖ್ಯ. ಆದರೆ ಅವು ಬರೋಕೆ ಕೆಲವು ವಾರ ಬೇಕು. ಅಲ್ಲಿವರೆಗೆ ವಾರಕ್ಕೆರಡು ಸಲ ಬಿಳಿ ಮಗ್‌ನಲ್ಲಿ ಅಂಚಿನ ನೀರು ಮೊಗೆದು ನೋಡಿ. ಲಾರ್ವಾ ಕಂಡರೆ ಬಿ.ಟಿ.ಐ. ಜೈವಿಕ ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಹಾಕಿ, ಕಪ್ಪೆಗೆ ತೊಂದರೆ ಇಲ್ಲ. ಸಿಗದಿದ್ದರೆ ನೀರನ್ನು ಗಿಡಕ್ಕೆ ಹೊಯ್ದು ಮತ್ತೆ ತುಂಬಿಸಿ. ಸೀಮೆಎಣ್ಣೆ, ಫಿನೈಲ್ ಹಾಕಬೇಡಿ.

ಇನ್ನೊಂದು ಮಾತು. ಡೆಂಗಿ ಸೊಳ್ಳೆಗೆ ಇಂಥ ಹೊಂಡಕ್ಕಿಂತ ಇಷ್ಟ ಬ್ಯಾರೆಲ್, ಟೈರು, ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಹೊಂಡ ತೋಡುವ ಮೊದಲು ಅವನ್ನು ಬೋರಲು ಹಾಕಿ.

ಮೂರು ಎಚ್ಚರಿಕೆ

*ಮಕ್ಕಳು:* ಅರ್ಧ ಅಡಿ ನೀರೂ ಪುಟ್ಟ ಮಗುವಿಗೆ ಅಪಾಯ. ನಾವು ಸುತ್ತ ಮೂರಡಿ ಬೇಲಿ, ಚಿಲಕದ ಗೇಟು ಹಾಕಿದ್ದೀವಿ. ಬೇಲಿ ಕೆಳಗೆ ನಾಲ್ಕು ಬೆರಳು ಸಂದು ಬಿಟ್ಟಿದ್ದೀವಿ, ಕಪ್ಪೆ ಓಡಾಡೋಕೆ. ಎರಡು ವರ್ಷದೊಳಗಿನ ಮಗು ಮನೇಲಿದ್ದರೆ ಇನ್ನೆರಡು ವರ್ಷ ತಡೆಯಿರಿ. ಅಲ್ಲಿವರೆಗೆ ಅಗಲ ಮಣ್ಣಿನ ತಟ್ಟೆಯಲ್ಲಿ ಕಲ್ಲಿಟ್ಟು ನೀರು ಹಾಕಿ, ಎರಡು ದಿನಕ್ಕೊಮ್ಮೆ ಬದಲಿಸಿದರೆ ಸಾಕು.

*ಹಾವು:* ಕಪ್ಪೆ ಬಂದ ಕಡೆ ಹಾವು ಬರುತ್ತದೆ. ಹೆಚ್ಚಾಗಿ ವಿಷವಿಲ್ಲದ ನೀರೊಳ್ಳೆ, ಆದರೆ ನಾಗರ ಬರಲ್ಲ ಅಂತ ಹೇಳಲಾರೆ. ಮನೆಯಿಂದ ಹೊಂಡದ ದಾರಿಯ ಹುಲ್ಲು ಸವರಿ, ರಾತ್ರಿ ಬ್ಯಾಟರಿ ಇಲ್ಲದೆ ಹೋಗಬೇಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯದ ಅಂಚಿನವರಿಗೆ ಇನ್ನೊಂದು ಮಾತು. ಅದು ಕೊಂಡುಕುರಿಗಾಗಿ ಮೀಸಲಾದ ಅಭಯಾರಣ್ಯ, ಕರಡಿಯೂ ಇದೆ. ಅಲ್ಲಿ ಮನೆ ಹತ್ತಿರ ಹೊಂಡ ಬೇಡ. ಬೇಸಿಗೆಯಲ್ಲಿ ಬಾಯಾರಿ ಬಂದ ಪ್ರಾಣಿಗೆ ಊರ ನಾಯಿ ಕಾಟ, ನಮಗೆ ಕರಡಿ ಕಾಟ.

*ಬೋರ್ಡೋ:* ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಅಂದ್ರೆ ತಾಮ್ರ, ಗೊದಮೊಟ್ಟೆಗೆ ವಿಷ. ಔಷಧಿ ಹೊಡೆಯುವ ದಿನ ಹೊಂಡಕ್ಕೆ ಟಾರ್ಪಾಲ್ ಮುಚ್ಚಿ. ಡ್ರಮ್, ಪೈಪು ಅಲ್ಲಿ ತೊಳೆಯಬೇಡಿ.

ನಮಗೇನು ಲಾಭ?

ಇಳುವರಿ ಇಷ್ಟು ಹೆಚ್ಚಾಯ್ತು ಅಂತ ನಾನು ಹೇಳಲ್ಲ, ಅಳೆದಿಲ್ಲ. ಬೇಸಿಗೆಯಲ್ಲಿ ಅಳಿಲು ಡ್ರಿಪ್ ಪೈಪ್ ಕಡಿಯೋದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ತುಡುವೆ ಜೇನು ಅಂಗಳದ ಕಲ್ಲಿನ ಮೇಲೆ ಸಾಲಾಗಿ ಕೂತು ನೀರು ಹೀರುತ್ತವೆ. ಪಿಕಳಾರ, ಮಡಿವಾಳ ಹಕ್ಕಿ ದಿನಾ ಸ್ನಾನಕ್ಕೆ ಬರುತ್ತವೆ. ಸೊಳ್ಳೆ ಅಂತ ಬೈದ ನಮ್ಮವ್ವ ಈಗ ಸಂಬಾರಿಗೆ ಹೊನಗೊನ್ನೆ ಕೊಯ್ಯೋಕೆ ಹೋಗಿ ಅಲ್ಲೇ ಕೂತುಬಿಡ್ತಾಳೆ.

ಹಿತ್ತಲಲ್ಲಿ ಜಾಗ ಇಲ್ಲದಿದ್ದರೂ ಒಂದು ಕೆಲಸ ಮಾಡಬಹುದು. ನಿಮ್ಮ ಹೊಲದಲ್ಲಿ ಪ್ಲಾಸ್ಟಿಕ್ ಹಾಳೆಯ ಕೃಷಿ ಹೊಂಡ ಇದ್ದರೆ, ದಂಡೆಯ ಗೂಟಕ್ಕೆ ಕಟ್ಟಿ ತಳದವರೆಗೆ ದಪ್ಪ ಹಗ್ಗದ ಬಲೆ ಅಥವಾ ಗಂಟು ಹಾಕಿದ ಹಗ್ಗ ಇಳಿಬಿಡಿ, ಎರಡು ಕಡೆಯಾದರೂ. ಜಾರಿ ಬಿದ್ದ ಮನುಷ್ಯನಿಗೂ ಅದೇ ಆಸರೆ. ಅರ್ಧ ಗಂಟೆ ಕೆಲಸ. ಮುಂಗುಸಿ ಸತ್ತ ಮರುದಿನ ನಾನು ಕಟ್ಟಿದ ಬಲೆ ಇವತ್ತಿಗೂ ಅಲ್ಲೇ ಇದೆ.