ದಾರಿ ತಪ್ಪಿಸುವವರ ಕ್ಲಬ್ಬು

ಒಬ್ಬರೇ ತಿರುಗಾಡುವವರಿಗೆ ಮೂರನೇ ದಿನ ಒಂದು ಕಾಯಿಲೆ ಬರುತ್ತದೆ. ಮೊದಲೆರಡು ದಿನ ಗೋಪುರ, ಬಜಾರು, ಬೀದಿಬದಿಯ ಊಟ ಎಂದು ಕಳೆದುಹೋಗುತ್ತವೆ. ಮೂರನೇ ಸಂಜೆ ಯಾರ ಜೊತೆಗಾದರೂ ನಾಲ್ಕು ಮಾತಾಡಬೇಕು ಅನ್ನಿಸುತ್ತದೆ, ಬಿಲ್ಲು ಮತ್ತು ಬಸ್ ನಂಬರಿನ ಮಾತು ಬಿಟ್ಟು. ಕೌಲಾಲಂಪುರದಲ್ಲಿ ನನಗೂ ಬಂತು. ಹೊರದೇಶದಿಂದ ಕೆಲಸಕ್ಕೆ ಬಂದ ಎಕ್ಸ್‌ಪ್ಯಾಟ್‌ಗಳು ಸೇರುವ ಜಾಗ ಎಂದು ಬಾಂಗ್‌ಸಾರ್ ಬಡಾವಣೆಯ ಒಂದು ಬಾರಿಗೆ ಹೋಗಿ, ನಿಂಬೆ ಶರಬತ್ತು ಹಿಡಿದು ಒಂದೂವರೆ ಗಂಟೆ ಕೂತೆ. ಪ್ರತಿ ಮೇಜಿನಲ್ಲೂ ನಗು ಇತ್ತು, ಯಾವ ಮೇಜಿನಲ್ಲೂ ಖಾಲಿ ಕುರ್ಚಿ ಇರಲಿಲ್ಲ. ಮದುವೆಮನೆಗೆ ಕರೆಯದೆ ಹೋದ ಹಾಗಾಯಿತು.

ಗೆಸ್ಟ್‌ಹೌಸಿನ ತಮಿಳು ಅಮ್ಮನ ಹತ್ತಿರ ಇದನ್ನು ಹೇಳಿದೆ. "ಹ್ಯಾಷ್‌ಗೆ ಹೋಗಮ್ಮ" ಅಂದರು. ಹ್ಯಾಷ್ ಎಂದರೆ ನನಗೆ ಗೊತ್ತಿದ್ದದ್ದು ಹಶೀಶ್ ಒಂದೇ. ಮಾದಕ ವಸ್ತು ಸಾಗಿಸಿದರೆ ಗಲ್ಲಿಗೇರಿಸುವ ಕಾನೂನಿರುವ ದೇಶ ಅದು. ನನ್ನ ಮುಖ ಬಿಳಿಚಿಕೊಂಡಿರಬೇಕು. ಆಕೆ ನಕ್ಕು, "ಅದಲ್ಲ, ಓಡೋದು" ಅಂದರು.

ಪೂರ್ತಿ ಹೆಸರು ಹ್ಯಾಷ್ ಹೌಸ್ ಹ್ಯಾರಿಯರ್ಸ್. ಹುಟ್ಟಿದ್ದು ಅದೇ ಊರಿನಲ್ಲಿ, 1938ರಲ್ಲಿ. ಆಲ್ಬರ್ಟ್ ಸ್ಟೀಫನ್ ಇಗ್ನೇಷಿಯಸ್ ಗಿಸ್ಪರ್ಟ್ ಎಂಬ ಬ್ರಿಟಿಷ್ ಲೆಕ್ಕಿಗ ಮತ್ತು ಅವನ ಗೆಳೆಯರು ವಾರಾಂತ್ಯದ ಕುಡಿತದ ಮಂಪರು ಇಳಿಸಲು ಸೋಮವಾರ ಸಂಜೆ ಓಡತೊಡಗಿದರು. ಓಟವೆಂದರೆ ಇಂಗ್ಲೆಂಡಿನ ಶಾಲೆಗಳ ಹಳೆಯ ಆಟ: ಒಬ್ಬ ಮೊಲವಾಗಿ ಮುಂಚೆ ಹೋಗಿ ಕಾಗದದ ಚೂರು ಉದುರಿಸುತ್ತಾನೆ, ಉಳಿದವರು ಬೇಟೆನಾಯಿಗಳಾಗಿ ಹಿಂಬಾಲಿಸುತ್ತಾರೆ. ಹ್ಯಾರಿಯರ್ ಎಂದರೆ ಮೊಲದ ಬೇಟೆಯ ನಾಯಿ. ಹ್ಯಾಷ್ ಹೌಸ್ ಎಂದರೆ ಆ ಅವಿವಾಹಿತರು ಉಣ್ಣುತ್ತಿದ್ದ ಸೆಲಂಗೋರ್ ಕ್ಲಬ್ಬಿನ ಅನೆಕ್ಸ್. ದಿನಾ ಒಂದೇ ರುಚಿಯ ಊಟ ಬಡಿಸುತ್ತಿದ್ದುದಕ್ಕೆ ಸಿಕ್ಕ ಅಡ್ಡಹೆಸರು ಅದು. ಹಾಸ್ಟೆಲ್ ಮೆಸ್ಸಿನ ನೀರುಸಾರಿಗೆ ಹೆಸರಿಟ್ಟವರಿಗೆಲ್ಲ ಆ ಸಂಕಟ ಗೊತ್ತು.

ಗಿಸ್ಪರ್ಟ್ ಹೆಚ್ಚು ಕಾಲ ಓಡಲಿಲ್ಲ. ಜಪಾನೀಯರು ಸಿಂಗಪುರಕ್ಕೆ ನುಗ್ಗಿದಾಗ, 1942ರ ಫೆಬ್ರವರಿ 11ರಂದು, ಕಾಳಗದಲ್ಲಿ ಸತ್ತ. ಬದುಕುಳಿದವರು 1946ರಲ್ಲಿ ಮತ್ತೆ ಓಟ ಶುರುಮಾಡಿದರು. ಯುದ್ಧದಲ್ಲಿ ಕಳೆದುಹೋದ ಕ್ಲಬ್ಬಿನ ಆಸ್ತಿಗೆ ಸರ್ಕಾರದಿಂದ ಪರಿಹಾರವನ್ನೂ ಕೇಳಿದರಂತೆ: ಎರಡು ಡಜನ್ ಮಗ್ಗು, ತಗಡಿನ ಒಂದು ಸ್ನಾನದ ತೊಟ್ಟಿ, ಎರಡು ಹಳೇ ಚೀಲ. ಆಮೇಲೂ ಬಹಳ ವರ್ಷ ಇದು ಹೆಚ್ಚುಕಡಿಮೆ ಆ ಒಂದೇ ಊರಿನ ಹುಚ್ಚಾಗಿತ್ತು. 1962ರಲ್ಲಿ ಸಿಂಗಪುರದಲ್ಲಿ ಶಾಖೆ ಎದ್ದಿತು. ಅಲ್ಲಿಂದಾಚೆಗೆ ವರ್ಗವಾದ ಬ್ಯಾಂಕಿನವರು, ಸೈನಿಕರು, ರಾಯಭಾರ ಕಚೇರಿಯವರು ಹೋದಲ್ಲೆಲ್ಲ ಬೀಜ ಚೆಲ್ಲಿದರು. ಈಗ ಲೋಕದಲ್ಲಿ ಸುಮಾರು 2000 ಹ್ಯಾಷ್‌ಗಳಿವೆ ಎನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಇಂಟರ್‌ಹ್ಯಾಷ್ ಎಂಬ ಜಾತ್ರೆ. ಮೊದಲನೆಯದು 1978ರಲ್ಲಿ ಹಾಂಗ್‌ಕಾಂಗಿನಲ್ಲಿ, 2002ರದ್ದು ನಮ್ಮ ಪಕ್ಕದ ಗೋವಾದಲ್ಲಿ. ಬೆಂಗಳೂರಿನಲ್ಲೂ ಒಂದು ಹ್ಯಾಷ್ ಇದೆ.

ಮೂಲ ಕ್ಲಬ್ಬು, ಅವರು 'ಮದರ್ ಹ್ಯಾಷ್' ಅನ್ನುವುದು, ಇವತ್ತಿಗೂ ಗಂಡಸರದ್ದೇ. ತಾಯಿ ಎಂದು ಹೆಸರಿಟ್ಟುಕೊಂಡು ಹೆಂಗಸರನ್ನು ಹೊರಗಿಡುವ ತಮಾಷೆ ಅವರಿಗೇ ಇರಲಿ. ನಾನು ಊರಾಚೆಯ ಒಂದು ಬೆರಕೆ ಗುಂಪಿಗೆ ಹೋದೆ. ಎಣ್ಣೆತಾಳೆ ತೋಟದ ಅಂಚು, ಮಣ್ಣುರಸ್ತೆಯಲ್ಲಿ ಸಾಲು ಕಾರು. ಅತಿಥಿ ಶುಲ್ಕ ಕೊಟ್ಟೆ. ಯಾರೂ ಯಾವ ಊರು, ಏನು ಕೆಲಸ ಎಂದು ಕೇಳಲಿಲ್ಲ. "ಟಾರ್ಚ್ ಇದೆಯಾ?" ಅಂತ ಕೇಳಿದರು.

ಆಟದ ಚಮತ್ಕಾರ ಇರುವುದು 'ಚೆಕ್'ನಲ್ಲಿ. ಕಾಗದದ ಜಾಡು ಒಂದು ಕಡೆ ಥಟ್ಟನೆ ನಿಂತುಹೋಗುತ್ತದೆ. ವೇಗದ ಓಟಗಾರರು ದಿಕ್ಕುದಿಕ್ಕಿಗೆ ಚದುರಿ ಹುಡುಕುತ್ತಾರೆ. ಒಬ್ಬನಿಗೆ ಚೂರು ಕಾಣುತ್ತದೆ, ಓಡುತ್ತಾನೆ. ಅದು ಸುಳ್ಳು ಜಾಡಾಗಿದ್ದರೆ ಸ್ವಲ್ಪ ದೂರದಲ್ಲಿ ಸತ್ತುಹೋಗುತ್ತದೆ, ಶಪಿಸುತ್ತ ವಾಪಸು ಬರುತ್ತಾನೆ. ಅಷ್ಟರಲ್ಲಿ ಏದುಸಿರು ಬಿಡುತ್ತ ನನ್ನಂಥವರು ಬಂದು ಸೇರಿರುತ್ತೇವೆ. ನಿಜವಾದ ಜಾಡು ಸಿಕ್ಕವನು "ಆನ್ ಆನ್!" ಎಂದು ಕೂಗುತ್ತಾನೆ, ಎಲ್ಲರೂ ಮತ್ತೆ ಒಟ್ಟಿಗೆ. ಬಲಶಾಲಿಯನ್ನು ದಾರಿ ತಪ್ಪಿಸಿ ನಿಧಾನದವರ ಜೊತೆ ನಿಲ್ಲಿಸುವ ಇಷ್ಟು ಸರಳ ಉಪಾಯ ನಾನು ಬೇರೆಲ್ಲೂ ಕಂಡಿಲ್ಲ. ಬಾರಿನಲ್ಲಿ ಮಾತು ಶುರುಮಾಡಲು ನೆಪ ಹುಡುಕಬೇಕಿತ್ತು. ಇಲ್ಲಿ ನಾವೆಲ್ಲ ದಾರಿ ತಪ್ಪಿದ್ದೆವು, ಅದೇ ನೆಪ.

ಎರಡನೇ ಚೆಕ್‌ನಲ್ಲಿ ಎತ್ತರದ ಬಿಳಿಯನೊಬ್ಬ ತನ್ನ ಮೀನಖಂಡ ನೋಡಿಕೊಂಡು ಗಾಬರಿಯಾಗಿ ನಿಂತಿದ್ದ. ಇಂಬಳ! ಸಾಗರದ ಕಡೆಯ ತೋಟದಲ್ಲಿ ಬೆಳೆದವಳಿಗೆ ಇಂಬಳ ಬಾಲ್ಯದ ನೆಂಟ. ಉಗುರಿನಲ್ಲಿ ಬಾಯಿಯ ಕಡೆಯಿಂದ ಸರಿಸಿ ಬಿಡಿಸಿದೆ. ಮಳೆಗಾಲದಲ್ಲಿ ನಾವು ಸುಣ್ಣ-ಹೊಗೆಸೊಪ್ಪು ಬಳಿದುಕೊಳ್ಳುತ್ತೇವೆ ಎಂದೆ. ಅವನು ಮುಂದಿನ ಅರ್ಧ ಗಂಟೆ ನನ್ನ ಹಿಂದೆಯೇ ನಡೆದ. ತನ್ನ ಊರಿನ ಹಿಮ, ಇಲ್ಲಿನ ಕೆಲಸ, ಬಿಟ್ಟುಬಂದ ನಾಯಿ, ಎಲ್ಲ ಹೇಳಿದ.

ಓಟ ಮುಗಿದ ಮೇಲೆ 'ಸರ್ಕಲ್'. ಎಲ್ಲರೂ ವೃತ್ತವಾಗಿ ನಿಲ್ಲುತ್ತಾರೆ, ಒಬ್ಬೊಬ್ಬರ ಮೇಲೆ ಅಪರಾಧ ಹೊರಿಸುತ್ತಾರೆ. ಬೆರಳು ತೋರಿಸಿದ್ದು ತಪ್ಪು, ಹೊಸ ಬೂಟು ಹಾಕಿದ್ದು ತಪ್ಪು, ಮೊದಲು ಬಂದದ್ದಂತೂ ಘೋರ ತಪ್ಪು. ಶಿಕ್ಷೆ 'ಡೌನ್ ಡೌನ್': ಹಾಡು ಮುಗಿಯುವುದರೊಳಗೆ ಮಗ್ಗು ಖಾಲಿಯಾಗಬೇಕು, ಇಲ್ಲವೇ ಉಳಿದದ್ದು ತಲೆ ಮೇಲೆ. ಬಿಯರ್ ಒಲ್ಲದವರಿಗೆ ನೀರು, ಸೋಡಾ ನಡೆಯುತ್ತದೆ. ಹೊಸಬಳಾದ್ದಕ್ಕೆ ನಾನು ಕಿತ್ತಳೆ ಸೋಡಾದಲ್ಲಿ ಶಿಕ್ಷೆ ಅನುಭವಿಸಿದೆ. ಹಾಡುಗಳು ಪೋಲಿ. ಮುಜುಗರದವರು ಮೊದಲೇ ತಿಳಿದಿರುವುದು ಒಳ್ಳೆಯದು. ಹಿಟ್ಟಿನಲ್ಲಿ ಜಾಡು ಹಾಕುವ ಊರುಗಳಲ್ಲಿ ಇನ್ನೊಂದು ಅಪಾಯವಿದೆ: 2007ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಬಿದ್ದಿದ್ದ ಮೈದಾಹಿಟ್ಟನ್ನು ವಿಷದ ಪುಡಿ ಎಂದು ತಿಳಿದು ಅಂಗಡಿಯನ್ನೇ ಖಾಲಿ ಮಾಡಿಸಿದ್ದರು.

ನಾನು ಎಕ್ಸ್‌ಪ್ಯಾಟ್‌ಗಳನ್ನು ಹುಡುಕಿಕೊಂಡು ಹೋದವಳು. ಆ ವೃತ್ತದಲ್ಲಿ ಮುಕ್ಕಾಲು ಪಾಲು ಮಲೇಷ್ಯಾದವರೇ, ಅದರಲ್ಲೂ ಹೆಚ್ಚಿನವರು ಅಲ್ಲಿನ ಚೀನೀಯರು. ಸಾಹೇಬರು ಬೇಸರ ಕಳೆಯಲು ಕಟ್ಟಿದ ಆಟ ಊರಿನವರ ಕೈಗೆ ಬಂದು ಎಷ್ಟೋ ಕಾಲವಾಗಿದೆ. ಎಕ್ಸ್‌ಪ್ಯಾಟ್ ಎಂಬ ಮಾತೇ ವಿಚಿತ್ರ. ಕಂಪನಿಯ ಮ್ಯಾನೇಜರ್ ಎಕ್ಸ್‌ಪ್ಯಾಟ್; ಅದೇ ಕಂಪನಿಯ ಗೇಟು ಕಾಯುವ ನೇಪಾಳಿ, ಕಟ್ಟಡ ಕಟ್ಟುವ ಬಾಂಗ್ಲಾದವನು 'ವಿದೇಶಿ ಕಾರ್ಮಿಕ'. ನಮ್ಮಲ್ಲಂತೂ ಪರದೇಸಿ ಎಂದರೆ ಗತಿಗೆಟ್ಟವನೆಂದೇ ಅರ್ಥ. ಆ ಸಂಜೆ ವೃತ್ತದಲ್ಲಿ ಗೇಟು ಕಾಯುವ ನೇಪಾಳಿ ಇರಲಿಲ್ಲ, ಅದನ್ನೂ ಹೇಳಬೇಕು.

ರಾತ್ರಿ ಎಲ್‌ಆರ್‌ಟಿ ರೈಲು ನಿಲ್ದಾಣದವರೆಗೆ ಒಬ್ಬ ಅಜ್ಜ ಕಾರಿನಲ್ಲಿ ಬಿಟ್ಟರು. ಕೆಸರಾಗದಿರಲೆಂದು ಸೀಟಿಗೆ ಚೀನೀ ಪತ್ರಿಕೆ ಹಾಸಿದ್ದರು. ಹ್ಯಾಷ್‌ನಲ್ಲಿ ಇಟ್ಟ ಅಡ್ಡಹೆಸರಿನಿಂದಲೇ ಎಲ್ಲರೂ ಅವರನ್ನು ಕರೆಯುತ್ತಿದ್ದರು, ಅದು ಇಲ್ಲಿ ಬರೆಯುವಂಥದ್ದಲ್ಲ; ನಿಜವಾದ ಹೆಸರು ನಾನು ಕೇಳಲಿಲ್ಲ. ಇಳಿಯುವಾಗ, "ಸಾಕ್ಸ್ ಒಳಗೆ ನೋಡಿಕೋ" ಅಂದರು. ಕೋಣೆಗೆ ಬಂದು ನೋಡಿದರೆ, ಎಡಗಾಲಿನ ಹಿಮ್ಮಡಿ ಹತ್ತಿರ ದುಂಡಗೆ ಉಬ್ಬಿಕೊಂಡು ಒಂದು ಕೂತಿತ್ತು.